ಮೊದಲು ಮರ್ಯಾದೆ, ಆಮೇಲೆ ಓದು

ಪುಸ್ತಕ ಮನೇಲಿ ಬಿಟ್ಟು ಬಂದೆ ಮೇಡಂ. ಗಂಟಲು ನೋವು ಮೇಡಂ. ನೀರು ಕುಡಿದು ಬರ್ಲಾ ಮೇಡಂ. ಆರು, ಏಳನೇ ಕ್ಲಾಸಿಗೆ ಭಾಷೆ ಕಲಿಸುವ ಯಾರೂ ಈ ಮಾತುಗಳನ್ನು ಕೇಳದೇ ಇರಲಿಕ್ಕಿಲ್ಲ. ಓದುವ ಸರದಿ ಹತ್ತಿರ ಬಂದಾಗಲೇ ಗಂಟಲು ನೋಯುತ್ತದೆ, ಆಗಲೇ ಬಾಯಾರುತ್ತದೆ. ಇಂಥ ಮಕ್ಕಳಿಗೆ ಆಸಕ್ತಿ ಇಲ್ಲ ಅಂತ ನಾವು ಬೇಗ ತೀರ್ಮಾನ ಮಾಡಿಬಿಡುತ್ತೇವೆ. ನಾನು ಮೂಡಿಗೆರೆ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತೇನೆ. ಇಷ್ಟು ವರ್ಷದಲ್ಲಿ ನನಗೆ ಖಾತ್ರಿಯಾಗಿರುವ ವಿಷಯ ಇಷ್ಟೇ: ಆ ಹುಡುಗ ತನ್ನ ಮಾನ ಕಾಪಾಡಿಕೊಳ್ಳುತ್ತಿದ್ದಾನೆ.

ಎರಡನೇ ಕ್ಲಾಸಿನ ಮಗು ತಪ್ಪು ಓದಿದರೆ ತಾನೇ ನಕ್ಕು ಮುಂದೆ ಹೋಗುತ್ತದೆ. ಹನ್ನೆರಡು ವರ್ಷಕ್ಕೆ ಬಂದಾಗ ಪಕ್ಕದವರು ಏನಂದುಕೊಳ್ಳುತ್ತಾರೆ ಅನ್ನುವುದೇ ದೊಡ್ಡ ಯೋಚನೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ನಿಂತರೆ ಎಲ್ಲಿ ಕೆಟ್ಟಿದೆ ಅಂತ ಹೇಳಬಲ್ಲ ಹುಡುಗ, 'ಸ್ವಾತಂತ್ರ್ಯ' ಅನ್ನುವ ಒಂದು ಪದದ ಮುಂದೆ ಬೆವರುತ್ತಾನೆ. ಸೋಮಾರಿ ಅನ್ನಿಸಿಕೊಂಡರೂ ಪರವಾಗಿಲ್ಲ, ದಡ್ಡ ಅನ್ನಿಸಿಕೊಳ್ಳಬಾರದು. ಅವನ ಲೆಕ್ಕ ಅದು. ಹಾಗಾಗಿ ನಾನು ಮಾಡುವ ಎಲ್ಲ ಕೆಲಸಕ್ಕೂ ಮೊದಲು ಒಂದೇ ಪ್ರಶ್ನೆ ಹಾಕಿಕೊಳ್ಳುತ್ತೇನೆ. ಇದರಲ್ಲಿ ಯಾರಿಗಾದರೂ ಅವಮಾನ ಆಗುತ್ತದಾ?

ಹಾಗಾಗಿ ನನ್ನ ಕ್ಲಾಸಿನಲ್ಲಿ ತಯಾರಿ ಇಲ್ಲದೆ ಯಾರನ್ನೂ ಎಬ್ಬಿಸಿ ನಿಲ್ಲಿಸಿ ಓದಿಸುವುದಿಲ್ಲ. ಒಬ್ಬೊಬ್ಬರೇ ಸಾಲಾಗಿ ಒಂದೊಂದು ಪ್ಯಾರಾ ಓದುವ ಪದ್ಧತಿ ಗೊತ್ತಲ್ವಾ? ಅದರಲ್ಲಿ ಚೆನ್ನಾಗಿ ಓದುವವರು ಬೇಜಾರು ಮಾಡಿಕೊಂಡು ಕಿಟಕಿ ನೋಡುತ್ತಾರೆ, ಓದಲು ಬಾರದವರು ತಮ್ಮ ಪ್ಯಾರಾ ಯಾವುದು ಅಂತ ಎಣಿಸುತ್ತಾ ಕೂತಿರುತ್ತಾರೆ. ಕಥೆ ಯಾರ ತಲೆಗೂ ಹೋಗುವುದಿಲ್ಲ. ಅದರ ಬದಲು ಮೊದಲು ನಾನೇ ಓದುತ್ತೇನೆ. ಆಮೇಲೆ ಇಬ್ಬಿಬ್ಬರು ಜೋಡಿಯಾಗಿ, ತಗ್ಗಿದ ದನಿಯಲ್ಲಿ. ಎಲ್ಲರೆದುರು ಓದುವ ಆಸೆ ಇರುವವರು ಹಿಂದಿನ ದಿನವೇ ತಮ್ಮ ಪ್ಯಾರಾ ಆರಿಸಿಕೊಂಡು ಮನೆಯಲ್ಲಿ ಓದಿಕೊಂಡು ಬರುತ್ತಾರೆ. ರೇಡಿಯೋದಲ್ಲಿ ವಾರ್ತೆ ಓದುವವರು ಕೂಡ ಮೊದಲೇ ಓದಿಕೊಂಡೇ ಬರುತ್ತಾರೆ ಅಂತ ನಾನು ಮಕ್ಕಳಿಗೆ ಹೇಳುತ್ತೇನೆ. ತಯಾರಿ ಮಾಡಿಕೊಳ್ಳುವುದು ಕಡಿಮೆಯವರ ಕೆಲಸ ಅಲ್ಲ ಅಂತ ಆಗ ಅವರಿಗೆ ಅರ್ಥ ಆಗುತ್ತದೆ.

ಯಾರಿಗೆ ಎಲ್ಲಿ ಕಷ್ಟ ಅಂತ ತಿಳಿಯಲು ಒಬ್ಬೊಬ್ಬರನ್ನೇ ಜಗಲಿಗೆ ಕರೆದು ಕೂರಿಸಿಕೊಂಡು ಕೇಳುತ್ತೇನೆ. ಒಳಗೆ ಉಳಿದವರಿಗೆ ಬರೆಯುವ ಕೆಲಸ. ಹೀಗೆ ಪಕ್ಕದಲ್ಲೇ ಕೂತು ಕೇಳಿದರೆ ಕಾಣುವ ವಿಷಯ ಬೇರೆ. ಈ ವಯಸ್ಸಿಗೆ ಅಕ್ಷರವೇ ಗೊತ್ತಿಲ್ಲದ ಮಕ್ಕಳು ಕಡಿಮೆ. ಎಡವುವುದು ಒತ್ತಕ್ಷರದಲ್ಲಿ. ಅದರಲ್ಲೂ ತ, ನ, ಮ, ಯ, ರ, ಲ ಈ ಆರರ ಒತ್ತು ಮೂಲ ಅಕ್ಷರದ ಹಾಗೆ ಕಾಣುವುದೇ ಇಲ್ಲ, ಬೇರೆಯೇ ಚಿಹ್ನೆ. 'ರ್' ದನಿಗೆ ಬರೆಯುವ ಅರ್ಕಾವತ್ತು ಇನ್ನೊಂದು. ಕಣ್ಣಿಗೆ ಕೊನೆಯಲ್ಲಿ ಕಾಣುತ್ತದೆ, ಬಾಯಲ್ಲಿ ಮೊದಲು ಹೇಳಬೇಕು. 'ಸೂರ್ಯ' ಇದ್ದರೆ 'ಸೂಯರ' ಅಂತ ಓದುವ ಮಗುವಿನ ಕಣ್ಣು ಸರಿಯಾಗಿಯೇ ಇದೆ, ಬರೆದಿರುವ ಕ್ರಮದಲ್ಲೇ ಓದುತ್ತಿದೆ. ಇದನ್ನು ಬಾಯಿಬಿಟ್ಟು ಹೇಳಿದರೆ ಮಗುವಿನ ಮುಖ ಅರಳುತ್ತದೆ. ತಪ್ಪಿಗೆ ಒಂದು ಕಾರಣ ಇದೆ, ತಾನು ದಡ್ಡ ಅಲ್ಲ ಅಂತ.

ಮೂರನೆಯದು ಉದ್ದ ಪದ. 'ಬರಲಾಗದಿದ್ದುದರಿಂದ' ಅಂತ ಪಾಠದಲ್ಲಿ ಬಂದರೆ ಮಕ್ಕಳು ಮೊದಲ ಎರಡು ಅಕ್ಷರ ಓದಿ ಉಳಿದಿದ್ದನ್ನು ಊಹೆ ಮಾಡುತ್ತಾರೆ. ನಾನು ಹೆಬ್ಬೆರಳಿನಿಂದ ಮುಚ್ಚಿ ತೋರಿಸುತ್ತೇನೆ. ಮೊದಲು 'ಬರಲು', ಬೆರಳು ಸ್ವಲ್ಪ ಸರಿಸಿದರೆ 'ಆಗದೆ', ಇನ್ನೂ ಸರಿಸಿದರೆ 'ಇದ್ದುದರಿಂದ'. ಮೂರೂ ದಿನಾ ಆಡುವ ಮಾತೇ. ಈ ಹೆಬ್ಬೆರಳಿನ ಉಪಾಯ ಒಮ್ಮೆ ಕೈಗೆ ಬಂದರೆ ಮಕ್ಕಳು ಕೇಳದೇ ಬಳಸುತ್ತಾರೆ, ಪಕ್ಕದವರಿಗೂ ಕಲಿಸುತ್ತಾರೆ.

ಸುಮ್ಮನೆ ಕೂತು ಮನಸ್ಸಿನಲ್ಲೇ ಓದುವ ಹೊತ್ತು ನಮ್ಮ ಶಾಲೆಗೆ ಬಂದದ್ದು ಮಳೆಯಿಂದ. ಜುಲೈ ತಿಂಗಳಲ್ಲಿ ನಮ್ಮ ಕಡೆ ಮಳೆ ಹಿಡಿದರೆ, ಶೀಟಿನ ಮಾಡಿನ ಕೆಳಗೆ ಪಾಠ ಮಾಡುವುದು ಕನಸಿನ ಮಾತು. ಎದುರು ಬೆಂಚಿನವರಿಗೂ ನನ್ನ ದನಿ ಕೇಳುವುದಿಲ್ಲ. ಆ ಹೊತ್ತಿಗೆ ಪುಸ್ತಕದ ಪೆಟ್ಟಿಗೆ ತೆರೆದಿಟ್ಟೆ. ನಿಮಗೆ ಬೇಕಾದ್ದು ತೆಗೆದುಕೊಳ್ಳಿ, ಇಷ್ಟ ಆಗದಿದ್ದರೆ ಅರ್ಧಕ್ಕೇ ವಾಪಸ್ ಇಡಿ, ಪ್ರಶ್ನೆ ಕೇಳಲ್ಲ ಅಂತ ಬೋರ್ಡಿನ ಮೇಲೆ ಬರೆದೆ. ನಾನೂ ಒಂದು ಪುಸ್ತಕ ಹಿಡಿದು ಕೂತೆ. ಶಿಕ್ಷಕರು ಆ ಹೊತ್ತಲ್ಲಿ ಹಾಜರಿ ಪುಸ್ತಕ ತುಂಬಿಸಿದರೆ ಮಕ್ಕಳು ಓದುವುದಿಲ್ಲ, ಇದು ನಾನು ಕಣ್ಣಾರೆ ನೋಡಿದ್ದು. ಅರ್ಧಕ್ಕೇ ಬಿಡುವ ಸ್ವಾತಂತ್ರ್ಯ ಕೊಟ್ಟ ಮೇಲೆ ಪುಸ್ತಕ ಮುಟ್ಟುವವರು ಜಾಸ್ತಿ ಆದರು. ಮಳೆ ನಿಂತ ಮೇಲೂ ಅದೇ ಹೊತ್ತು ಬೇಕು ಅಂತ ಅವರೇ ಕೇಳಿದರು. ಈಗ ಪೀರಿಯಡ್‌ನ ಮೊದಲ ಹದಿನೈದು ನಿಮಿಷ ಅದಕ್ಕೇ ಮೀಸಲು.

ಪೆಟ್ಟಿಗೆಯಲ್ಲಿ ಏನಿರಬೇಕು ಅನ್ನುವುದೂ ಮುಖ್ಯ. ದಪ್ಪ ನೀತಿಕಥೆಯ ಪುಸ್ತಕಗಳನ್ನು ಏಳನೇ ಕ್ಲಾಸಿನವರು ಮುಟ್ಟುವುದಿಲ್ಲ. ಹಾವು, ಲಾರಿ, ಕ್ರಿಕೆಟ್, ದೆವ್ವ, ಬಾಹ್ಯಾಕಾಶ ಇವು ಬೇಕು. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಕಥೆಗಳು ಓದುವ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿ ಸಿಗುತ್ತವೆ, ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆದುಕೊಳ್ಳಲು ಅಡ್ಡಿ ಇಲ್ಲ. ಮಟ್ಟ ಒಂದು, ಎರಡು ಅಂತ ಮುಖಪುಟದ ಮೇಲೆ ಇರುವುದನ್ನು ಮಾತ್ರ ನಾನು ಬಿಳಿ ಕಾಗದ ಅಂಟಿಸಿ ಮುಚ್ಚಿಬಿಡುತ್ತೇನೆ. ಕಾರಣ ನಿಮಗೆ ಗೊತ್ತೇ ಇದೆ.

ಈಗ ನನಗೆ ತುಂಬಾ ಇಷ್ಟದ ಪಾಠ ಹೇಳುತ್ತೇನೆ. ಮದುವೆ ಕಾಗದ. ಏಪ್ರಿಲ್, ಮೇ ಮುಗಿದು ಶಾಲೆ ಶುರುವಾದಾಗ ಎಲ್ಲರ ಮನೆಯಲ್ಲೂ ಆಮಂತ್ರಣ ಪತ್ರಿಕೆಗಳ ರಾಶಿ ಇರುತ್ತದೆ. ತನ್ನಿ ಅಂದೆ. 'ಕೃಪಾಕಟಾಕ್ಷ', 'ಜ್ಯೇಷ್ಠ ಪುತ್ರ', 'ದ್ವಿತೀಯ ಪುತ್ರಿ', 'ಚಿ|| ಕುಂ|| ಸೌ||', 'ಸುಖಾಗಮನ ಬಯಸುವ'. ಪಠ್ಯಪುಸ್ತಕದ ಯಾವ ಪಾಠದಲ್ಲೂ ಇಷ್ಟು ಒತ್ತಕ್ಷರ ಒಂದೇ ಪುಟದಲ್ಲಿ ಸಿಗಲ್ಲ. ಆದರೂ ಯಾರಿಗೂ ಗಂಟಲು ನೋಯಲಿಲ್ಲ. ಯಾಕೆಂದರೆ ಅದರಲ್ಲಿ ಚಿಕ್ಕಪ್ಪನ ಹೆಸರಿದೆ, ಅಜ್ಜಿಯ ಹೆಸರಿದೆ, ಕೆಲವರದ್ದು ತಮ್ಮದೇ ಹೆಸರಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ 'ಕಟಾಕ್ಷ' ಅನ್ನುವಲ್ಲಿ ನಿಂತ. ಹೆಬ್ಬೆರಳು ಇಟ್ಟ. 'ಕಟಾ' ಅಂದ, 'ಕ್ಷ' ಅಂದ, ಕೂಡಿಸಿ ಹೇಳಿದ. ತಕ್ಷಣ ತಲೆ ಎತ್ತಿ, ಅಂದ್ರೆ ಏನು ಮೇಡಂ ಅಂತ ಕೇಳಿದ. ಅವನು ಒಂದು ಪದದ ಅರ್ಥ ತಾನಾಗಿ ಕೇಳಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಆಮೇಲೆ ಮಕ್ಕಳು ಮುಹೂರ್ತ ಎಷ್ಟು ಹೊತ್ತಿಗೆ, ಛತ್ರಕ್ಕೆ ಯಾವ ಬಸ್ಸು ಹಿಡಿಯಬೇಕು ಅಂತ ಒಬ್ಬರಿಗೊಬ್ಬರು ಪ್ರಶ್ನೆ ಹಾಕಿಕೊಂಡರು. ಉತ್ತರ ಕಾಗದದಲ್ಲೇ ಹುಡುಕಬೇಕು.

ಆನೆ ಇನ್ನೊಂದು. ಮೂಡಿಗೆರೆ ಕಡೆ ಆನೆ ಅಂದರೆ ಕಥೆಯ ವಿಷಯ ಅಲ್ಲ, ನಾಳೆ ಶಾಲೆಗೆ ಯಾವ ದಾರಿಯಲ್ಲಿ ಬರಬೇಕು ಅನ್ನುವ ವಿಷಯ. ಯಾವ ತೋಟದ ಹತ್ತಿರ ಆನೆ ಇದೆ ಅಂತ ಅರಣ್ಯ ಇಲಾಖೆಯಿಂದ ಫೋನಿಗೆ ಸಂದೇಶ ಬರುತ್ತದೆ. ಅಂಥ ಸಂದೇಶಗಳನ್ನು ಬೋರ್ಡಿನ ಮೇಲೆ ಬರೆದು ಓದಿಸುತ್ತೇನೆ. ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಅನೇಕ ಅಪ್ಪ ಅಮ್ಮಂದಿರಿಗೆ ಕನ್ನಡ ಓದಲು ಬರುವುದಿಲ್ಲ. ಸಂದೇಶ ಬಂದರೆ ಓದಿ ಹೇಳುವುದು ಈ ಮಕ್ಕಳೇ. ಮನೆಯಲ್ಲಿ ಇಂಥ ಜವಾಬ್ದಾರಿ ಸಿಕ್ಕಿದ ಮಗುವಿಗೆ ಓದು ಯಾಕೆ ಅಂತ ನಾನು ಭಾಷಣ ಮಾಡಬೇಕಾಗಿಲ್ಲ. 2023ರ ಡಿಸೆಂಬರ್‌ನಲ್ಲಿ ಪಕ್ಕದ ಸಕಲೇಶಪುರ ತಾಲ್ಲೂಕಿನಲ್ಲಿ, ಕಾಡಾನೆ ಹಿಡಿಯಲು ಹೋದ ದಸರಾ ಆನೆ ಅರ್ಜುನ ಸತ್ತಾಗ, ಎರಡು ಬೇರೆ ಬೇರೆ ಪತ್ರಿಕೆ ತರಿಸಿದೆ. ಒಂದರಲ್ಲಿ ಇರುವುದು ಇನ್ನೊಂದರಲ್ಲಿ ಇದೆಯಾ, ಯಾರು ಹೇಳಿದ ಮಾತು ಅಂತ ಬರೆದಿದ್ದಾರಾ ನೋಡಿ ಅಂದೆ. ಪೀರಿಯಡ್ ಮುಗಿದರೂ ಮಕ್ಕಳು ಪೇಪರ್ ಬಿಡಲಿಲ್ಲ. ಕೆಲವರ ಕಣ್ಣಲ್ಲಿ ನೀರಿತ್ತು. ಅಂಥ ದಿನ ಓದುವುದಕ್ಕೆ ಪ್ರೋತ್ಸಾಹ ಅಂತ ಬೇರೆ ಏನೂ ಬೇಡ.

ತೀರಾ ಹಿಂದೆ ಉಳಿದ ಮಕ್ಕಳಿಗೆ ಸುಲಭದ ಪುಸ್ತಕವೇ ಬೇಕು. ಆದರೆ ಏಳನೇ ಕ್ಲಾಸಿನವನ ಕೈಗೆ ಒಂದನೇ ಕ್ಲಾಸಿನ ಪುಸ್ತಕ ಕೊಡುವುದು ಹೇಗೆ? ಇದಕ್ಕೆ ನನಗೆ ಸಿಕ್ಕ ದಾರಿ, ಅವರನ್ನು ಚಿಕ್ಕ ಮಕ್ಕಳು ಆಡುತ್ತಾ ಕಲಿಯುವ ನಲಿಕಲಿ ಕ್ಲಾಸಿಗೆ ಕಥೆ ಓದುವ ಅಣ್ಣ, ಅಕ್ಕ ಮಾಡಿದ್ದು. ಶನಿವಾರ ಬೆಳಗ್ಗೆ ಚಿಕ್ಕವರಿಗೆ ಚಿತ್ರದ ಪುಸ್ತಕ ಓದಿ ಹೇಳಬೇಕು. ಅದಕ್ಕಾಗಿ ವಾರವಿಡೀ ಅದೇ ಪುಸ್ತಕ ಮತ್ತೆ ಮತ್ತೆ ಓದುತ್ತಾರೆ. ಹುಲಿಗೆ ಯಾವ ದನಿ, ಇಲಿಗೆ ಯಾವ ದನಿ ಅಂತ ಅಭ್ಯಾಸ ಮಾಡುತ್ತಾರೆ. ಒಂದೇ ಪುಟ ಮತ್ತೆ ಮತ್ತೆ ಓದಿದರೆ ಓದಿನ ಓಟ ಬರುತ್ತದೆ. ಸುಮ್ನೆ ಇನ್ನೊಂದು ಸಲ ಓದು ಅಂದಿದ್ದರೆ ಯಾರೂ ಓದುತ್ತಿರಲಿಲ್ಲ. ಪುಟ್ಟ ಮಕ್ಕಳು ಕಾರಿಡಾರಿನಲ್ಲಿ ಅಣ್ಣಾ, ಕಥೆ ಅಂತ ಕೈ ಹಿಡಿದು ಎಳೆಯುವಾಗ ಆ ಹುಡುಗನ ನಡಿಗೆಯೇ ಬೇರೆ.

ಓದಿದ ಮೇಲೆ ಪ್ರಶ್ನೆ ಕೇಳುವುದರಲ್ಲೂ ಒಂದು ಬದಲಾವಣೆ ಮಾಡಿಕೊಂಡಿದ್ದೇನೆ. ಕಥೆಯಲ್ಲಿ ತಪ್ಪು ಯಾರದು ಅಂತ ಪಂಚಾಯ್ತಿ ಸೇರಿಸುತ್ತೇವೆ. ಈ ವಯಸ್ಸಿನವರಿಗೆ ನ್ಯಾಯ, ಅನ್ಯಾಯ ಅಂದರೆ ಎಲ್ಲಿಲ್ಲದ ಹುರುಪು. ಒಂದೇ ಷರತ್ತು, ಏನು ವಾದ ಮಾಡಿದರೂ ಯಾವ ಸಾಲಿನಲ್ಲಿದೆ ಅಂತ ಬೆರಳಿಟ್ಟು ತೋರಿಸಬೇಕು. ವಾದ ಗೆಲ್ಲಲು ಹೋಗಿ ಅದೇ ಪುಟ ಮತ್ತೆ ಮತ್ತೆ ಓದುತ್ತಾರೆ. ಓದಲು ಹಿಂದಿರುವ ಕೆಲವರು ವಾದದಲ್ಲಿ ಮುಂದೆ. ಅವರ ಜೋಡಿ ಸಾಲು ಹುಡುಕಿಕೊಡುತ್ತದೆ, ಇವರು ಮಾತಾಡುತ್ತಾರೆ. ಕ್ರಮೇಣ ಸಾಲನ್ನೂ ತಾವೇ ಹುಡುಕುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಕೈ ಬದಲಾಗುವ ಪುಸ್ತಕ ನಮ್ಮ ಶಾಲೆಯಲ್ಲಿ ಮಕ್ಕಳೇ ಬರೆದದ್ದು. 2019ರ ಆಗಸ್ಟ್ ಮಳೆಯಲ್ಲಿ ನಮ್ಮ ತಾಲ್ಲೂಕಿನಲ್ಲಿ ಗುಡ್ಡ ಕುಸಿದು ಮನೆ, ತೋಟ ಹೋದವು. ಆಗ ಏನಾಯಿತು ಅಂತ ಮನೆಯಲ್ಲಿ ಕೇಳಿಕೊಂಡು ಬನ್ನಿ ಅಂದೆ. ಬರೆಯಲು ಬರುವವರು ಬರೆದರು, ಬಾರದವರು ಹೇಳಿದ್ದನ್ನು ನಾನು ಅವರ ಮಾತಿನಲ್ಲೇ ಬರೆದುಕೊಟ್ಟೆ. ಮನೆಯಲ್ಲಿ ತಮಿಳು ಆಡುವ ಒಬ್ಬ ಹುಡುಗಿ ಅಜ್ಜಿಯ ಮಾತನ್ನು ತಮಿಳಿನಲ್ಲೇ, ಕನ್ನಡ ಅಕ್ಷರದಲ್ಲಿ ಬರೆದು ತಂದಳು. ಹಾಗೇ ಸೇರಿಸಿದೆವು, ಕೆಳಗೆ ಅವಳದೇ ಕನ್ನಡ. ದಾರ ಹಾಕಿ ಹೊಲಿದ ಆ ಪುಸ್ತಕದ ಮೂಲೆಗಳು ಸವೆದು ಮೆತ್ತಗಾಗಿವೆ. ತಾನೇ ಹೇಳಿದ ಮಾತನ್ನು ಓದುವಾಗ ಮುಂದಿನ ಪದ ಬಾಯಿಗೆ ತಾನಾಗಿ ಬರುತ್ತದೆ. ಹಿಂದುಳಿದವರಿಗೆ ಇದಕ್ಕಿಂತ ಒಳ್ಳೆ ಪಾಠಪುಸ್ತಕ ನನಗೆ ಸಿಕ್ಕಿಲ್ಲ.

ಇಷ್ಟೆಲ್ಲ ಮಾಡಿದರೆ ಸಿಲಬಸ್ ಮುಗಿಯುತ್ತಾ ಅಂತ ಸಹೋದ್ಯೋಗಿಗಳು ಕೇಳುತ್ತಾರೆ. ಮುಗಿಯುತ್ತದೆ. ಮದುವೆ ಕಾಗದ, ಪೇಪರ್ ಹೋಲಿಕೆ, ಪಂಚಾಯ್ತಿ ಇವೆಲ್ಲ ಎಫ್‌ಎ (ವರ್ಷದ ನಡುನಡುವೆ ಮಾಡುವ ಮೌಲ್ಯಮಾಪನದ) ಚಟುವಟಿಕೆಗೇ ಲೆಕ್ಕ. ಓದು ಬಂದ ಮಕ್ಕಳಿಗೆ ಎರಡು ಪೀರಿಯಡ್‌ನಲ್ಲಿ ಆಗುವ ಪಾಠ, ಬಾರದವರಿಗೆ ನಾಲ್ಕಾದರೂ ಸಾಲದು.

ಶಾಲೆಯ ಪೆಟ್ಟಿಗೆ ಖಾಲಿಯಾದಾಗ ಗ್ರಾಮ ಪಂಚಾಯ್ತಿ ಗ್ರಂಥಾಲಯ ಇದೆ. 2020ರ ನವೆಂಬರ್‌ನಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ನಾನು ಇಡೀ ಕ್ಲಾಸಿನ ಅರ್ಜಿ ಒಟ್ಟಿಗೆ ತುಂಬಿಸಿ ಕೊಡುತ್ತೇನೆ. ಒಬ್ಬೊಬ್ಬರೇ ಹೋಗಿ ಕೇಳಲು ಮಕ್ಕಳಿಗೆ ಸಂಕೋಚ. ಮೊದಲ ಸಲ ಜೊತೆಯಲ್ಲಿ ಹೋದರೆ ಸಾಕು.

ಕಾಫಿ ಕುಯಿಲು ಮುಗಿದ ಮೇಲೆ, ಫೆಬ್ರವರಿ ಮಾರ್ಚ್ ಹೊತ್ತಿಗೆ, ಕೆಲವು ಕುಟುಂಬಗಳು ಬೇರೆ ಕಡೆ ಹೋಗುತ್ತವೆ. ಮಗು ಎಲ್ಲಿಗೆ ಸೇರಿದರೂ ಅಲ್ಲಿ ಮತ್ತೆ ಎದ್ದು ನಿಂತು ಓದು ಅಂದರೆ ಇಷ್ಟು ದಿನದ ಕೆಲಸ ಹಾಳು. ಅದಕ್ಕೆ ಟಿಸಿ ಜೊತೆಗೆ ಒಂದು ಹಾಳೆ ಇಡುತ್ತೇನೆ, ಅಲ್ಲಿನ ಕನ್ನಡ ಶಿಕ್ಷಕರ ಹೆಸರಿಗೆ. ಈ ಮಗು ಯಾವ ಯಾವ ಪುಸ್ತಕ ಓದಿದೆ, ಯಾವ ವಿಷಯ ಇಷ್ಟ, ಯಾವ ಒತ್ತಿನಲ್ಲಿ ಇನ್ನೂ ನಿಲ್ಲುತ್ತದೆ, ಹಿಂದಿನ ದಿನ ಹೇಳಿದರೆ ಎಲ್ಲರೆದುರೂ ಚೆನ್ನಾಗಿ ಓದುತ್ತದೆ ಅಂತ ಬರೆದಿರುತ್ತೇನೆ. ಕೆಳಗೆ ನನ್ನ ಫೋನ್ ನಂಬರ್ ಹಾಕುತ್ತೇನೆ. ಕೆಲವು ಶಿಕ್ಷಕರು ಫೋನ್ ಮಾಡುತ್ತಾರೆ.