ಸದ್ದಿಲ್ಲದೆ ಇಳಿಯೋದು: ನನ್ನ ಬಾಸ್ಕೆಟ್‌ಬಾಲ್ ಅನುಭವ

ನನ್ನ ಎಡ ಮೊಣಕಾಲಿನ ಮೇಲೆ ಮೂರು ಗಾಯದ ಗುರುತುಗಳಿವೆ. ಕೋರ್ಟಿಗೆ ಹೊಸದಾಗಿ ಬರುವ ಮಕ್ಕಳು ಅದನ್ನು ನೋಡಿ ಕೇಳುತ್ತಾರೆ, "ಅಕ್ಕಾ, ಯಾರು ತಳ್ಳಿದ್ರು?" ಯಾರೂ ತಳ್ಳಲಿಲ್ಲ. ರಿಬೌಂಡ್‌ಗೆ, ಅಂದರೆ ರಿಂಗಿಗೆ ಬಡಿದು ವಾಪಸ್ ಬರುವ ಚೆಂಡಿಗೆ, ಹಾರಿದೆ, ಹಿಡಿದೆ, ಇಳಿದೆ. ಹಾರಿದ್ದು ಸರಿ ಇತ್ತು, ಇಳಿದದ್ದು ತಪ್ಪಾಯಿತು.

ನಾನು ಮಂಡ್ಯದ ಕಡೆಯವಳು. ಶಾಲೆಯಲ್ಲಿ ಸಿಮೆಂಟ್ ಕೋರ್ಟ್ ಇತ್ತು, ಬಲೆ ಇಲ್ಲದ ರಿಂಗ್ ಇತ್ತು. 2003ರಲ್ಲಿ ಬೆಂಗಳೂರು ವಿದ್ಯಾನಗರದ ಕ್ರೀಡಾ ಹಾಸ್ಟೆಲ್‌ಗೆ ಆಯ್ಕೆಯಾದೆ, ಎಂಟನೇ ಕ್ಲಾಸು. ಬೆಳಗ್ಗೆ ಐದಕ್ಕೆ ಎದ್ದರೆ ಕತ್ತಲಲ್ಲೇ ಓಟ, ಆಮೇಲೆ ಶೂಟಿಂಗ್, ಆಮೇಲೆ ಸ್ಕೂಲು, ಸಂಜೆ ಮತ್ತೆ ಕೋರ್ಟು. ರಿಂಗ್ ನೆಲದಿಂದ 3.05 ಮೀಟರ್ ಮೇಲಿರುತ್ತದೆ. ಅದರ ಬಲೆಯನ್ನು ಹಾರಿ ಮುಟ್ಟುವುದೇ ನಮಗೆ ದೊಡ್ಡ ಪಂದ್ಯ. ಯಾರು ಎಷ್ಟು ಸಲ ಮುಟ್ಟಿದರು ಅಂತ ಎಣಿಸುತ್ತಿದ್ದೆವು. ಹೇಗೆ ಇಳಿದರು ಅಂತ ಯಾರೂ ನೋಡುತ್ತಿರಲಿಲ್ಲ. ಆ ಕಾಲದಲ್ಲಿ ಅದನ್ನು ಯಾರೂ ಹೇಳಿಕೊಡುತ್ತಿರಲಿಲ್ಲ.

ಜನ ಕೇಳುವುದು ದುಡ್ಡಿನ ಬಗ್ಗೆ. ನಮ್ಮ ದೇಶದಲ್ಲಿ ಬಾಸ್ಕೆಟ್‌ಬಾಲ್ ಆಡಿ ಬದುಕುವುದು ಅಂದರೆ, ನನ್ನ ಜೊತೆಯವರ ಪಾಲಿಗೆ, ಕೆಲಸ ಗಿಟ್ಟಿಸಿಕೊಳ್ಳುವುದು. ರೈಲ್ವೆ, ಪೊಲೀಸ್, ಸೇನೆ, ಬ್ಯಾಂಕು. ಸ್ಪೋರ್ಟ್ಸ್ ಕೋಟಾದಲ್ಲಿ ಜಾಗ ಖಾಲಿ ಆಗಬೇಕು, ನಿಮ್ಮ ಸರ್ಟಿಫಿಕೇಟು ಅವರು ಕೇಳಿದ ಮಟ್ಟದ್ದಾಗಿರಬೇಕು, ಟ್ರಯಲ್ಸ್ ದಿನ ಕೈಕಾಲು ಮಾತು ಕೇಳಬೇಕು. ಈ ಮೂರೂ ಒಂದೇ ವರ್ಷ ಕೂಡಿ ಬರುವುದು ಕಷ್ಟ. ನನಗೆ 2009ರಲ್ಲಿ ಬಂತು. ಹುಬ್ಬಳ್ಳಿಯಲ್ಲಿ ರೈಲ್ವೆ ಕ್ಲರ್ಕ್ ಆದೆ. ಬೆಳಿಗ್ಗೆ ಫೈಲು, ಮಧ್ಯಾಹ್ನದ ಮೇಲೆ ಪ್ರಾಕ್ಟೀಸು. ಮೊದಲ ಸಂಬಳದಲ್ಲಿ ಅವ್ವನಿಗೊಂದು ಸೀರೆ ತಂದೆ, ನನಗೊಂದು ಜೊತೆ ಒಳ್ಳೆ ಶೂ. ಅಲ್ಲಿಯವರೆಗೂ ಸೀನಿಯರ್ ಅಕ್ಕಂದಿರು ಬಿಟ್ಟ ಶೂಗೆ ಹತ್ತಿ ತುರುಕಿಕೊಂಡು ಆಡುತ್ತಿದ್ದೆ.

ಕೆಲಸ ಸಿಕ್ಕಿತು ಅಂದರೆ ಎಲ್ಲ ಮುಗಿಯಿತು ಅಂತಲ್ಲ. ಎಲ್ಲ ವಲಯಗಳ ಆಟಗಾರ್ತಿಯರು ಒಂದು ಕ್ಯಾಂಪಿಗೆ ಬರುತ್ತಾರೆ, ಅಲ್ಲಿಂದ ಭಾರತೀಯ ರೈಲ್ವೆ ತಂಡಕ್ಕೆ ಹನ್ನೆರಡೇ ಹನ್ನೆರಡು ಜನ. ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯರ ವಿಭಾಗದಲ್ಲಿ ವರ್ಷಗಟ್ಟಲೆ ಮೇಲುಗೈ ಸಾಧಿಸಿರುವ ತಂಡ ಅದು. ನಾನು ಮೂರು ಸಲ ಕ್ಯಾಂಪಿಗೆ ಹೋದೆ. ಒಂದು ಸಲ ಆ ಹನ್ನೆರಡರಲ್ಲಿ ನನ್ನ ಹೆಸರಿತ್ತು. ಆ ಜೆರ್ಸಿ ಈಗಲೂ ಬೀರುವಿನಲ್ಲಿದೆ, ಒಗೆದು ಮಡಿಸಿಟ್ಟಿದ್ದೇನೆ.

2010ರಲ್ಲಿ ಮೂರು ಪಾಯಿಂಟಿನ ಗೆರೆ, ಅಂದರೆ ಯಾವುದರ ಆಚೆಯಿಂದ ಚೆಂಡು ಹಾಕಿದರೆ ಮೂರು ಪಾಯಿಂಟ್ ಸಿಗುತ್ತದೋ ಆ ಗೆರೆ, ರಿಂಗಿನಿಂದ 6.25 ಮೀಟರಿನಿಂದ 6.75ಕ್ಕೆ ಹೋಯಿತು. ಅರ್ಧ ಮೀಟರ್ ತಾನೇ ಅನ್ನಬೇಡಿ. ನನ್ನ ಚೆಂಡುಗಳೆಲ್ಲ ರಿಂಗಿನ ಮುಂದಂಚಿಗೇ ಬಡಿಯತೊಡಗಿದವು. ಕೈಯಿಂದ ಜಾಸ್ತಿ ಬಲ ಹಾಕಿದರೆ ಗುರಿ ಹೋಗುತ್ತದೆ. ಆ ಅರ್ಧ ಮೀಟರನ್ನು ತೊಡೆಯಿಂದಲೇ ತರಬೇಕು. ಆರು ತಿಂಗಳು ಸ್ಕ್ವಾಟ್ ಹೊಡೆದ ಮೇಲೆ ಚೆಂಡು ಮತ್ತೆ ಒಳಗೆ ಹೋಗತೊಡಗಿತು. ಕಾಲು ಗಟ್ಟಿಯಾಯಿತು ಅಂದುಕೊಂಡೆ. ಬಲ ಬೇರೆ, ಇಳಿಯುವ ರೀತಿ ಬೇರೆ ಅಂತ ಗೊತ್ತಿರಲಿಲ್ಲ.

2016ರ ಅಕ್ಟೋಬರ್, ಒಂದು ಟೂರ್ನಿ, ಕೊನೆಯ ಕ್ವಾರ್ಟರ್. ಇಳಿಯುವಾಗ ಮೊಣಕಾಲು ಒಳಕ್ಕೆ ವಾಲಿತು, ಟಪ್ ಅಂತ ಒಂದು ಸದ್ದು. ಪಕ್ಕದಲ್ಲಿದ್ದವಳಿಗೂ ಕೇಳಿಸಿತಂತೆ. ಅಲ್ಲಿದ್ದವರೊಬ್ಬರು ಸ್ಪ್ರೇ ಹೊಡೆದು, ಉಳುಕಿದೆ ಅಷ್ಟೇ, ಆಡು ಅಂದರು. ಎರಡು ನಿಮಿಷ ಆಡಿದೆ ಕೂಡ. ಆ ಎರಡು ನಿಮಿಷ ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ. ಸದ್ದು ಬಂದು ಕಾಲು ಊದಿಕೊಂಡರೆ ದಯವಿಟ್ಟು ಯಾರ ಮಾತೂ ಕೇಳಬೇಡಿ, ಆಚೆ ಬನ್ನಿ. ಸ್ಕ್ಯಾನ್ ಮಾಡಿಸಿದಾಗ ಎಸಿಎಲ್ ಹರಿದಿತ್ತು. ತೊಡೆಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ ಕಟ್ಟಿಹಿಡಿಯುವ ಲಿಗಮೆಂಟು ಅದು. ಹುಡುಗಿಯರಲ್ಲಿ ಇದು ಹುಡುಗರಿಗಿಂತ ಜಾಸ್ತಿ ಹರಿಯುತ್ತದೆ, ಅದೂ ಬಹಳ ಸಲ ಯಾರೂ ಮುಟ್ಟದೆಯೇ.

ತೊಡೆಯ ಹಿಂಭಾಗದ ಸ್ನಾಯುರಜ್ಜು ತೆಗೆದು ಹೊಸ ಲಿಗಮೆಂಟ್ ಮಾಡಿದರು. ಮನೆಗೆ ಬಂದಾಗ ಅವ್ವ ಕಾಲು ಸವರುತ್ತಾ, "ಸರ್ಕಾರಿ ಕೆಲಸ ಐತಲ್ಲ ಮಗ, ಇನ್ಯಾಕೆ ಆಟ?" ಅಂದಳು. ಉತ್ತರ ಕೊಡಲಾಗಲಿಲ್ಲ. ಎಡ ತೊಡೆ ಬಲಕ್ಕಿಂತ ನಾಲ್ಕು ಸೆಂಟಿಮೀಟರ್ ಸಣ್ಣಗಾಗಿತ್ತು, ಫಿಸಿಯೋ ಟೇಪು ಹಿಡಿದು ತೋರಿಸಿದರು.

ಆ ಫಿಸಿಯೋ ನನಗೆ ಕಲಿಸಿದ್ದು ಯಾವ ಕ್ಯಾಂಪಿನಲ್ಲೂ ಸಿಕ್ಕಿರಲಿಲ್ಲ. ಐದನೇ ತಿಂಗಳಲ್ಲಿ ಮೊಣಕಾಲಿಗಿಂತ ಗಿಡ್ಡದೊಂದು ಮರದ ಪೆಟ್ಟಿಗೆ ಇಟ್ಟರು. ಅದರ ಮೇಲಿಂದ ಇಳಿಯಬೇಕು, ಎದುರಿಗೆ ಕನ್ನಡಿ. ಮೊದಲ ಸಲ ಇಳಿದಾಗ ಧಡ್ ಅಂತು. "ಸದ್ದು ಬರಬಾರದು ಮೇಡಂ" ಅಂದರು. ಮೊದಲು ಬೆರಳ ತುದಿ, ಆಮೇಲೆ ಹಿಮ್ಮಡಿ. ಸೊಂಟ ಹಿಂದಕ್ಕೆ, ಕುರ್ಚಿಯಲ್ಲಿ ಕೂರುವ ಹಾಗೆ. ಮೊಣಕಾಲು ಮಡಿಯಬೇಕು, ಕಾಲ್ಬೆರಳಿನ ನೇರಕ್ಕೇ ಇರಬೇಕು. ಅವರು ಮೊಬೈಲ್‌ನಲ್ಲಿ ವಿಡಿಯೋ ತೆಗೆದು ನಿಧಾನವಾಗಿ ಓಡಿಸಿದರು. ಎರಡೂ ಮೊಣಕಾಲು ಒಂದಕ್ಕೊಂದು ತಾಗುವ ಹಾಗೆ ಒಳಕ್ಕೆ ಬರುತ್ತಿದ್ದವು. ಬಲಗಾಲೂ ಹಾಗೇ! ಹದಿಮೂರು ವರ್ಷ ಹೀಗೇ ಇಳಿದಿದ್ದೆ. ಆ ವಿಡಿಯೋ ನೋಡಿ ಅತ್ತುಬಿಟ್ಟೆ. ಮಾರನೇ ದಿನದಿಂದ ದಿನಾ ಅರವತ್ತು ಸಲ ಇಳಿದೆ. ಎಣಿಸಿ ಬರೆದಿಟ್ಟ ನೋಟ್‌ಬುಕ್ ಇದೆ.

2017ರ ಜುಲೈನಲ್ಲಿ ಮಹಿಳಾ ಏಷ್ಯಾ ಕಪ್ ಬೆಂಗಳೂರಿನಲ್ಲೇ, ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಡೆಯಿತು. ಡಿವಿಷನ್ ಬಿ ಫೈನಲ್‌ಗೆ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಹೋಗಿದ್ದೆ. ಕಜಕಿಸ್ತಾನದ ಹುಡುಗಿಯರು ಎತ್ತರ, ಗಟ್ಟಿ. ನಮ್ಮವರು 75-73ರಲ್ಲಿ ಗೆದ್ದು ಡಿವಿಷನ್ ಎಗೆ ಏರಿದರು. ಸುತ್ತ ಎಲ್ಲರೂ ಚೆಂಡು ನೋಡುತ್ತಿದ್ದರೆ ನಾನು ಕಾಲುಗಳನ್ನೇ ನೋಡುತ್ತಿದ್ದೆ. ಒಬ್ಬೊಬ್ಬರು ರಿಬೌಂಡಿಗೆ ಹಾರಿದಾಗಲೂ ಉಸಿರು ಹಿಡಿದೆ. ಗೆದ್ದ ಮೇಲೆ ಯಾರದೋ ಕೈ ಹಿಡಿದು ಕುಣಿದೆ, ಒಂಟಿ ಕಾಲಲ್ಲಿ.

ಒಂಬತ್ತು ತಿಂಗಳು ದಾಟಿದ ಮೇಲೂ ತಕ್ಷಣ ಆಡಲಿಲ್ಲ. ಒಂಟಿ ಕಾಲಲ್ಲಿ ಕುಪ್ಪಳಿಸಿದರೆ ಎಡಗಾಲು ಬಲಗಾಲಿನ ಶೇಕಡ 90ರಷ್ಟಾದರೂ ದೂರ ಹೋಗಬೇಕು, ಅಲ್ಲಿಯವರೆಗೆ ಪಂದ್ಯ ಬೇಡ ಅಂದಿದ್ದರು. ಕಾದೆ. ಆಮೇಲೆ ಎರಡು ವರ್ಷ ವಲಯದ ತಂಡಕ್ಕೆ ಆಡಿದೆ, ಹೆಚ್ಚಾಗಿ ಬೆಂಚಿನಿಂದ ಬದಲಿ ಆಟಗಾರ್ತಿಯಾಗಿ ಬಂದು. ಆ ಎರಡು ವರ್ಷ ಆಡಿದಷ್ಟು ಖುಷಿಯಿಂದ ಮೊದಲು ಆಡಿರಲಿಲ್ಲ.

ಈಗ ಆಫೀಸು ಮುಗಿಸಿ ಸಂಜೆ ಮಕ್ಕಳಿಗೆ ಹೇಳಿಕೊಡುತ್ತೇನೆ. ಮೊದಲ ಹದಿನೈದು ನಿಮಿಷ ಚೆಂಡು ಕೊಡುವುದಿಲ್ಲ. ಹಾರು, ಇಳಿ. ಹಾರು, ಇಳಿ. ಸಿಟ್ಟು ಬರುತ್ತದೆ ಅವರಿಗೆ, ಮಕ್ಕಳಲ್ವಾ. ನಿನ್ನೆ ಆರನೇ ಕ್ಲಾಸಿನ ಒಬ್ಬಳು ಇಳಿದು, ಹಾಗೇ ಬಗ್ಗಿ ನಿಂತು, ತಿರುಗಿ ನೋಡಿದಳು.

"ಅಕ್ಕಾ, ಸದ್ದು ಬಂತಾ?"

"ಸ್ವಲ್ಪ ಬಂತು ಪುಟ್ಟಿ. ಇನ್ನೊಂದ್ಸಲ."