ಬಸ್ ಹತ್ತೋ ಮುಂಚೆನೇ ಹೊಟ್ಟೆ ನುಲಿಯುತ್ತಾ? ಐಬಿಎಸ್ ಇರೋರು ಟೆನ್ಶನ್ ಜೊತೆ ಹೆಂಗೆ ಏಗೋದು

ಐಬಿಎಸ್ ಅಂದ್ರೆ ಇರಿಟಬಲ್ ಬವೆಲ್ ಸಿಂಡ್ರೋಮ್, ಟೆಸ್ಟಲ್ಲಿ ಏನೂ ಸಿಗದಿದ್ರೂ ಹೊಟ್ಟೆನೋವು, ಭೇದಿ ಇಲ್ಲಾ ಮಲಬದ್ಧತೆ ಮತ್ತೆ ಮತ್ತೆ ಕಾಡೋ ಕರುಳಿನ ತೊಂದರೆ. ನಂಗೂ ಇದೆ. ರಿಪೋರ್ಟ್ ಎಲ್ಲಾ ನಾರ್ಮಲ್, ಡಾಕ್ಟ್ರು ಟೆನ್ಶನ್ ಮಾಡ್ಕೋಬೇಡಿ ಅಂದು ಕಳಿಸಿದ್ರು, ಮನೇಲಿ "ಎಲ್ಲಾ ನಿನ್ ಮನಸ್ಸಲ್ಲೇ ಇರೋದು" ಅಂದ್ರು, ನಂಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನೋವು ನಿಜಾನೇ ಕಣ್ರೀ. ಕರುಳಿಗೂ ಮಿದುಳಿಗೂ ನರಗಳ ಮೂಲಕ ಮಾತುಕತೆ ನಡೀತಾನೇ ಇರುತ್ತೆ, ಐಬಿಎಸ್ ಇರೋರ ಕರುಳು ಬಹಳ ಸೂಕ್ಷ್ಮ, ಬೇರೆಯವರಿಗೆ ಗೊತ್ತೇ ಆಗದಷ್ಟು ಗ್ಯಾಸ್ ನಮಗೆ ನೋವಾಗುತ್ತೆ, ಹೆದರಿಕೆ ಸೇರಿದ್ರಂತೂ ಕೇಳೋದೇ ಬೇಡ.

ಆದ್ರೆ ಮಲದಲ್ಲಿ ರಕ್ತ, ಸುಮ್ನೆ ತೂಕ ಇಳಿಯೋದು, ರಕ್ತಹೀನತೆ, ರಾತ್ರಿ ನಿದ್ದೆಯಿಂದ ಎಬ್ಬಿಸೋ ಭೇದಿ, 50 ದಾಟಿದ ಮೇಲೆ ಹೊಸದಾಗಿ ಶುರುವಾಗಿದ್ದು, ಇದ್ಯಾವುದಿದ್ರೂ ಮೊದ್ಲು ಡಾಕ್ಟ್ರ ಹತ್ರ ಹೋಗಿ.

ಇಲ್ಲ ಅಂದ್ರೆ ಒಂದು ನೋಟ್‌ಬುಕ್ ತಗೊಳ್ಳಿ. ತಿಂದಿದ್ದು ಮಾತ್ರ ಅಲ್ಲ, ಅವತ್ತು ಏನು ನಡೀತು, ನಿದ್ದೆ ಎಷ್ಟಾಯ್ತು ಅದನ್ನೂ ಬರೀರಿ. ನಾನು ಎಲ್ಲಾ ತಪ್ಪನ್ನ ಮೆಣಸಿನಕಾಯಿ ಬಜ್ಜಿ ಮೇಲೆ ಹಾಕಿದ್ದೆ, ಮೂರು ವಾರ ಬರೆದು ನೋಡಿದ್ರೆ ಭಾನುವಾರ ಬಜ್ಜಿ ತಿಂದ್ರೂ ಏನೂ ಆಗ್ತಿರಲಿಲ್ಲ, ಸೋಮವಾರ ಮೀಟಿಂಗ್ ದಿನ ಬರೀ ಇಡ್ಲಿ ತಿಂದ್ರೂ ಓಡ್ಬೇಕಿತ್ತು!

ಆಮೇಲೆ ಈ "ದಾರೀಲಿ ಟಾಯ್ಲೆಟ್ ಸಿಗದಿದ್ರೆ" ಅನ್ನೋ ಭಯ. ಉಪವಾಸ ಇದ್ದು ಹೊರಡೋದು, ಲೂಸ್ ಮೋಷನ್ ಮಾತ್ರೆ ನುಂಗಿ ಹೊರಡೋದು, ಇಲ್ಲಾ ಹೋಗೋದೇ ಬೇಡ ಅಂತ ಕೂರೋದು, ಅವತ್ತಿಗೆ ಹಾಯಾಗಿರುತ್ತೆ ನಿಜ, ಭಯ ಮಾತ್ರ ಬೆಳೀತಾ ಹೋಗುತ್ತೆ. ಮೊದ್ಲು ಸಿಟಿ ಬಸ್ಸಲ್ಲಿ ಎರಡು ಸ್ಟಾಪ್ ಹೋಗಿ ಇಳೀರಿ, ನಾಲ್ಕೈದು ಸಲ ಅದನ್ನೇ ಮಾಡಿ, ಆಮೇಲೆ ಅರ್ಧ ಗಂಟೆ, ಆಮೇಲೆ ಪಕ್ಕದೂರು. ತಿಂದ ತಕ್ಷಣ ಕರುಳು ಚುರುಕಾಗೋದು ಎಲ್ಲರಿಗೂ ಸಹಜ, ಅದಕ್ಕೆ ಬೇಗ ಎದ್ದು ತಿಂಡಿ ತಿಂದು ಒಂದು ಗಂಟೆ ಬಿಟ್ಟು ಹೊರಡಿ. ಹೊಟ್ಟೆ ಉಬ್ಬೋ ಹಂಗೆ ನಾಲ್ಕು ಎಣಿಸಿ ಉಸಿರು ತಗೊಂಡು ಆರು ಎಣಿಸಿ ಬಿಡೋದನ್ನ ಚೆನ್ನಾಗಿರೋ ದಿನವೇ ರೂಢಿ ಮಾಡ್ಕೊಳ್ಳಿ, ಬಸ್ಸಲ್ಲಿ ಕೂತು ಮೊದಲ ಸಲ ಟ್ರೈ ಮಾಡಿದ್ರೆ ಆಗಲ್ಲ.

ಆಫೀಸಲ್ಲಿ ಒಬ್ಬರಿಗಾದ್ರೂ ಹೇಳಿಡಿ, ಮುಚ್ಚಿಡೋದೇ ಅರ್ಧ ಟೆನ್ಶನ್. ಮದುವೆ ಮನೇಲಿ ಇನ್ನೊಂದು ಹೋಳಿಗೆ ಅಂತ ಬಲವಂತ ಮಾಡಿದ್ರೆ "ಡಾಕ್ಟ್ರು ಬೇಡ ಅಂದಿದಾರೆ" ಅಂದ್ಬಿಡಿ, ಸಾಕು. ಮನೆಯವರಿಗೂ ಒಂದು ಮಾತು, ಹೋದಲ್ಲಿ ಬಂದಲ್ಲಿ "ಹೊಟ್ಟೆ ಹೆಂಗಿದೆ?" ಅಂತ ಕೇಳ್ಬೇಡಿ, ಮರ್ತಿರೋದು ನೆನಪಾಗುತ್ತೆ.

ಇಷ್ಟಕ್ಕೂ ಬಗ್ಗದಿದ್ರೆ ಐಬಿಎಸ್‌ಗೆ ಸಿಬಿಟಿ ಅನ್ನೋ, ಯೋಚನೆ ಮತ್ತು ನಡವಳಿಕೆ ಬದಲಾಯಿಸೋಕೆ ಕಲಿಸೋ ಕೌನ್ಸೆಲಿಂಗ್ ಇದೆ, ಕರುಳಿಗೋಸ್ಕರ ಮಾಡೋ ಹಿಪ್ನೋಥೆರಪಿನೂ (ಸಮ್ಮೋಹನ ಚಿಕಿತ್ಸೆ) ಇದೆ, ಮ್ಯಾಂಚೆಸ್ಟರ್‌ನ ಡಾಕ್ಟರ್ ಪೀಟರ್ ವೋರ್ವೆಲ್ 1984ರಲ್ಲೇ ಅದರಿಂದ ಉಪಯೋಗ ಇದೆ ಅಂತ ತೋರಿಸಿದ್ರು. ಯಾರ ಹತ್ರ ಮಾತಾಡೋದು ಅಂತ ಗೊತ್ತಾಗದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡ್ಬಹುದು. ಡಾಕ್ಟ್ರು ಕಮ್ಮಿ ಡೋಸ್ ಅಮಿಟ್ರಿಪ್ಟಿಲಿನ್ ಬರೆದ್ರೆ "ಇದು ಡಿಪ್ರೆಶನ್ ಮಾತ್ರೆ ಅಲ್ವಾ" ಅಂತ ಗಾಬರಿಯಾಗಿ ಬಿಸಾಕ್ಬೇಡಿ, ನೋವಿನ ಸಿಗ್ನಲ್ ತಗ್ಗಿಸೋಕೆ ಕೊಡ್ತಾರೆ, ನಿದ್ದೆ ಬರ್ಸುತ್ತೆ ಅಂತ ರಾತ್ರಿ ಹೊತ್ತು ತಗೋಳೋಕೆ ಹೇಳ್ತಾರೆ, ಮಲಬದ್ಧತೆ ಇರೋರು ಮಾತ್ರ ಅದನ್ನ ಮೊದ್ಲೇ ಹೇಳ್ಬೇಕು, ಇನ್ನೂ ಗಟ್ಟಿ ಆಗ್ಬಹುದು.