ಗಾರೆ ತುಂಬಿದ ಜಾಗದಲ್ಲಿ ಮೊದಲ ಕೈತೋಟ

ಮೈಸೂರಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿದ ಮೇಲೆ ಪಕ್ಕದಲ್ಲಿ ಉಳಿದ 10 ಅಡಿ ಅಗಲ, 20 ಅಡಿ ಉದ್ದದ ಜಾಗದಲ್ಲಿ ನಾವು ಮೊದಲ ಸಲ ತರಕಾರಿ ಹಾಕಿದೆವು. ನೋಡಲು ಒಳ್ಳೆಯ ಕೆಂಪು ಮಣ್ಣು. ಅರ್ಧ ಅಡಿ ಅಗೆದರೆ ಜಲ್ಲಿ, ಟೈಲ್ಸ್ ಚೂರು, ಅದರ ಕೆಳಗೆ ಮೇಸ್ತ್ರಿಗಳು ಗಾರೆ ಕಲಸಿದ ಕಡೆ ಕಲ್ಲಿನಂಥ ಹೆಪ್ಪು. ಇಂಥ ಕಡೆ ಬೀಜದ ಯೋಚನೆ ಆಮೇಲೆ, ಮೊದಲು ಮಣ್ಣು.

ಒಂದು ಅಡಿ ಗುಂಡಿ ತೆಗೆದು ನೀರು ತುಂಬಿಸಿ. ಇಂಗಿದ ಮೇಲೆ ಮತ್ತೆ ತುಂಬಿಸಿ. ಎರಡನೇ ಸಲದ ನೀರು ನಾಲ್ಕೈದು ಗಂಟೆಯಲ್ಲಿ ಇಂಗಬೇಕು. ನಮ್ಮ ಗುಂಡಿಯಲ್ಲಿ ಮಾರನೇ ದಿನ ಬೆಳಿಗ್ಗೆಯೂ ನಿಂತೇ ಇತ್ತು. ಪಿಕಾಸಿಯಿಂದ ಹೆಪ್ಪು ಒಡೆದು, ಒಂದೂವರೆ ಅಡಿ ತನಕ ಸಡಿಲ ಮಾಡಿ, ಮರಳು ಜರಡಿಯಲ್ಲಿ ಮಣ್ಣು ಸೋಸಿದೆವು. ಇಷ್ಟಕ್ಕೇ ನಾಲ್ಕು ಭಾನುವಾರ ಹಿಡಿಯಿತು. ಗಾರೆ ಉಳಿದರೆ ಮಣ್ಣು ಕ್ಷಾರವಾಗುತ್ತದೆ. ಆಗ ಕಬ್ಬಿಣದ ಅಂಶ ಇದ್ದರೂ ಗಿಡಕ್ಕೆ ಸಿಗುವುದಿಲ್ಲ. ಎಳೆ ಎಲೆಯ ನರ ಮಾತ್ರ ಹಸಿರಾಗಿದ್ದು ನಡುವೆಲ್ಲ ಹಳದಿಯಾಗುತ್ತದೆ. ಗೊಬ್ಬರ ಸಾಲದೆಂದು ಒಲೆ ಬೂದಿ ಸುರಿಯಬೇಡಿ. ಬೂದಿಯೂ ಕ್ಷಾರವೇ.

ಮಡಿ ಮೂರು ಅಡಿಗಿಂತ ಅಗಲ ಬೇಡ. ಎರಡೂ ಕಡೆಯಿಂದ ಕೈ ಎಟುಕಿದರೆ ಒಳಗೆ ಕಾಲಿಟ್ಟು ಮಣ್ಣು ತುಳಿಯುವುದು ತಪ್ಪುತ್ತದೆ. ಮೂರು ಅಡಿಯ ಮಡಿ, ಒಂದು ಅಡಿ ಓಡಾಡಲು ದಾರಿ, ಹೀಗೆ ಐದು ಮಡಿ ಬಂದವು. ಒಂದೊಂದಕ್ಕೂ ಎರಡು ಬಾಂಡ್ಲಿ, ಅಂದರೆ ಸುಮಾರು 25 ಕೆಜಿ ಕೊಟ್ಟಿಗೆ ಗೊಬ್ಬರ, ಅರ್ಧ ಕೆಜಿ ಬೇವಿನ ಹಿಂಡಿ. ಗೊಬ್ಬರ ಕಳಿತಿದೆಯೋ ಇಲ್ಲವೋ ಮೂಗೇ ಹೇಳುತ್ತದೆ: ಸಗಣಿ ವಾಸನೆ ಹೋಗಿ ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು, ಹಿಡಿದರೆ ಬಿಸಿ ಇರಬಾರದು. ಹಸಿ ಗೊಬ್ಬರ ಬೇರು ಸುಡುತ್ತದೆ, ಗೊಣ್ಣೆಹುಳುವನ್ನೂ ತರುತ್ತದೆ.

ಯುಗಾದಿ ಕಳೆದು ಏಪ್ರಿಲ್ ಕೊನೆಗೆ ಬದನೆ, ಮೆಣಸಿನಕಾಯಿ ಬೀಜ ಹಾಕಿದರೆ ರೋಹಿಣಿ ಮಳೆ ಹೊತ್ತಿಗೆ ಸಸಿ ನಾಟಿಗೆ ಸಿದ್ಧ. ಟೊಮೆಟೊಗೆ 25 ದಿನ ಸಾಕು, ಮೇ ಮೊದಲ ವಾರ ಹಾಕಿ. ಮೊದಲ ಸಲ ನಾವು ಬೀಜ ಒತ್ತಾಗಿ ಚೆಲ್ಲಿ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ನೀರು ಕೊಟ್ಟೆವು. ಹತ್ತನೇ ದಿನಕ್ಕೆ ಸಸಿಗಳು ಬುಡದಲ್ಲಿ ದಾರ ಬಿಗಿದಂತೆ ಸಣ್ಣಗಾಗಿ ಮಲಗಿದವು. ಅದು ಬುಡ ಕೊಳೆ. ತೇವ ಆರದ ಮಣ್ಣಿನ ಶಿಲೀಂಧ್ರದ ಕೆಲಸ. ಎರಡನೇ ಸಲ ಎರಡು ಇಂಚಿಗೊಂದು ಗೀರು ಎಳೆದು, ಕಾಲು ಇಂಚು ಆಳಕ್ಕೆ ಬೀಜ ಹಾಕಿ, ಬೆಳಿಗ್ಗೆ ಮಾತ್ರ ನೀರು ಕೊಟ್ಟಾಗ ಸಸಿ ಉಳಿದವು.

ಯಾವುದು ಎಷ್ಟು ಅನ್ನುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ನಾಲ್ಕು ಜನರ ಮನೆಗೆ ಬದನೆ ಆರು ಗಿಡ, ಮೆಣಸಿನಕಾಯಿ ನಾಲ್ಕು, ಟೊಮೆಟೊ ಎಂಟು ಸಾಕು. ಬೆಂಡೆ ಮಾತ್ರ ಇಪ್ಪತ್ತಾದರೂ ಬೇಕು, ಇಲ್ಲದಿದ್ದರೆ ಒಂದು ಹೊತ್ತಿನ ಪಲ್ಯಕ್ಕೂ ಕಾಯಿ ಕೂಡುವುದಿಲ್ಲ. ನಾವು ಹಾಕಿದ್ದು ಅರ್ಕಾ ಅನಾಮಿಕ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹಳದಿ ನರ ರೋಗ ತಡೆಯಲೆಂದೇ ತಂದ ತಳಿ. ಬೆಂಡೆಯನ್ನು ದಿನ ಬಿಟ್ಟು ದಿನ ಕೀಳಿ. ತುದಿ ಮುರಿದರೆ ಟಕ್ಕನೆ ಮುರಿಯಬೇಕು. ಬಾಗಿದರೆ ನಾರಾಯಿತು, ಬೀಜಕ್ಕೆ ಬಿಡಿ. ಬದನೆಗೆ ಎರಡು ಅಡಿ ಅಂತರ, ಟೊಮೆಟೊಗೆ ಒಂದೂವರೆ, ಬೆಂಡೆಗೆ ಒಂದು.

ಹರಿವೆ ಸೊಪ್ಪಿನ ಬೀಜಕ್ಕೆ ಮರಳು ಬೆರೆಸಿ ಎರಚಿದರೆ ಸಮನಾಗಿ ಬೀಳುತ್ತದೆ. ಇರುವೆ ಕಾಟ ಇದ್ದರೆ ಒಂದು ಹಿಡಿ ರವೆಯನ್ನೂ ಸೇರಿಸಿ, ಇರುವೆ ರವೆ ಹೊತ್ತು ಬೀಜ ಬಿಡುತ್ತದೆ. ಕೊತ್ತಂಬರಿ ಬೀಜವನ್ನು ಹೋಳು ಮಾಡಿ ರಾತ್ರಿ ನೆನೆಸಿ. ಮೆಂತ್ಯ ಅಡುಗೆಮನೆ ಡಬ್ಬಿಯದೇ ಆಗುತ್ತದೆ.

ಟೊಮೆಟೊ ಕಾಯಿ ಸೀಳುವುದು, ತಳ ಕಪ್ಪಾಗುವುದು ಹೆಚ್ಚಾಗಿ ನೀರಿನ ತಪ್ಪಿನಿಂದ. ನಾಲ್ಕು ದಿನ ಒಣಗಿಸಿ ಒಮ್ಮೆಲೇ ತುಂಬಿಸಿದರೆ ಹೀಗಾಗುತ್ತದೆ. ಬೆರಳನ್ನು ಎರಡು ಇಂಚು ಇಳಿಸಿ ನೋಡಿ, ತಂಪಿದ್ದರೆ ನೀರು ಬೇಡ. ತೇವ ಆರದಂತೆ ಮಣ್ಣಿನ ಮೇಲೆ ಹಾಸುವ ಮುಚ್ಚಿಗೆಗೆ ಮಂಡ್ಯ ಕಡೆಯ ಕಬ್ಬಿನ ಒಣ ತರಗಿಗಿಂತ ಒಳ್ಳೆಯದು ನಮಗೆ ಸಿಕ್ಕಿಲ್ಲ. ಎರಡು ಇಂಚು ದಪ್ಪ ಹಾಸಿ, ಕಾಂಡಕ್ಕೆ ತಾಗದಂತೆ. ಕಬ್ಬಿನ ಹಾಲಿನ ಅಂಗಡಿಯ ಹಸಿ ಸಿಪ್ಪೆ ಆಗುವುದಿಲ್ಲ. ಇರುವೆ ಮುತ್ತುತ್ತದೆ, ಹುಳಿ ಬರುತ್ತದೆ.

ಬದನೆಯ ಕುಡಿ ಬಾಡಿ ಜೋತರೆ ಒಳಗೆ ಕೊರಕ ಹುಳು ಇದೆ ಅಂತಲೇ ಲೆಕ್ಕ. ಬಾಡಿದ ಜಾಗದಿಂದ ಒಂದು ಇಂಚು ಕೆಳಗೆ ಕತ್ತರಿಸಿ ಸುಡಿ, ತಿಪ್ಪೆಗೆ ಎಸೆಯಬೇಡಿ. ಬಿಳಿನೊಣಕ್ಕೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಸ್ವಲ್ಪ ಸೋಪಿನ ನೀರು, ಸಂಜೆ ಎಲೆಯ ಅಡಿಭಾಗಕ್ಕೆ.

ಟೊಮೆಟೊ ಕಿತ್ತ ಮಡಿಗೆ ಮತ್ತೆ ಬದನೆ, ಮೆಣಸಿನಕಾಯಿ ಬೇಡ. ಮೂರೂ ಒಂದೇ ಕುಟುಂಬ, ಹಲವು ರೋಗವೂ ಒಂದೇ. ಅಲ್ಲಿಗೆ ಹುರುಳಿಕಾಯಿ ಹಾಕಿ. ಅದರ ಕೊಯ್ಲು ಮುಗಿದಾಗ ಬುಡಕ್ಕೆ ಕತ್ತರಿಸಿ, ಬೇರನ್ನು ಮಣ್ಣಲ್ಲೇ ಕೊಳೆಯಲು ಬಿಡಿ.